ಆಕ್ಷೇಪಣೆ ಅಜ್ಜನ ಬಲಗೈ

೧

ಈ ಕಥೆಯನ್ನು ಗಾಳಿಯಂತ್ರದಿಂದ ಶುರುಮಾಡಲೇ? ಮಾಡಿ ನೋಡಿದೆ. ‘ಗುಡ್ಡದ ಮೇಲೆ ರೆಕ್ಕೆಗಳು ತಿರುಗುತ್ತಿದ್ದವು’ ಎಂದು ಬರೆದೆ. ನನ್ನ ನಾಯಕಿ ಅಲ್ಲಿಗೇ ತಡೆದಳು: “ಎಲ್ಲಿ ತಿರುಗ್ತಿವೆ? ಇನ್ನೂ ಪರ್ಮಿಶನ್ನೇ ಸಿಕ್ಕಿಲ್ಲ!”

ಅವಳಿಗೆ ಗೊತ್ತಿರುತ್ತದೆ. ಗಾಳಿ, ಬಿಸಿಲಿನಿಂದ ವಿದ್ಯುತ್ ತಯಾರಿಸುವ ಯೋಜನೆಗಳಿಗೆ ಯಾವ ಅನುಮತಿ ಸಿಕ್ಕಿದೆ, ಯಾವುದು ಎಲ್ಲಿ ಕೂತಿದೆ, ಯಾರು ಆಕ್ಷೇಪಿಸಿದ್ದಾರೆ ಎಂದು ಕಣ್ಣಿಡುವುದು, ತನ್ನ ಕಂಪನಿಯ ಅರ್ಜಿಗಳನ್ನು ಪರಿಶೀಲಿಸುವುದು ಅವಳ ಕೆಲಸ. ಕಂಪನಿಯಲ್ಲಿ ಎಲ್ಲರೂ ಅವಳನ್ನು ಪೆಂಡಿಂಗ್ ಅಕ್ಕ ಎನ್ನುತ್ತಾರೆ. (ಬಾಸ್ ಕೂಡ. ಅವನು ಅವಳಿಗಿಂತ ಒಂಬತ್ತು ವರ್ಷ ದೊಡ್ಡವನು.)

೨

ಹಾಗಾದರೆ ಅಜ್ಜನಿಂದ ಶುರುಮಾಡೋಣ. ನಿವೃತ್ತ ನಕ್ಷೆಗಾರ. ಯಾವ ಯೋಜನೆ ಬಂದರೂ ಒಂದೇ ಪುಟದ ಆಕ್ಷೇಪಣೆ ಬರೆಯುವವರು. ದುಂಡಗಿನ ಅಕ್ಷರ, ಒಂದೂ ಚಿತ್ತಿಲ್ಲ. ಕೊನೆಯಲ್ಲಿ ತಪ್ಪದೆ: ‘ಯೋಜನೆ ಬೇಡ ಎಂದಲ್ಲ, ಸರಿಯಾಗಿ ಮಾಡಿ.’ ಇದುವರೆಗೆ ಹನ್ನೊಂದು ಪತ್ರ, ಹನ್ನೊಂದರಲ್ಲೂ ಅವರು ಹೇಳಿದ್ದೇ ಸರಿಯಾಗಿತ್ತು. ಕಂಪನಿಗೆ ಅವರೊಂದು ತಲೆನೋವು. ಅಕ್ಕನಿಗೆ ಮಾತ್ರ, ಮುಖ ನೋಡದಿದ್ದರೂ, ತುಂಬ ಹತ್ತಿರದವರು.

ಗುಡ್ಡದ ಯೋಜನೆಗೆ ಆಕ್ಷೇಪಣೆ ಸಲ್ಲಿಸಲು ಅಂದೇ ಕಡೆಯ ದಿನ. ಹನ್ನೊಂದು ಗಂಟೆಯಾದರೂ ಅಜ್ಜನ ಪತ್ರವಿಲ್ಲ. ಬಾಸ್ ಖುಷಿಯಾಗಿದ್ದ. ಅಕ್ಕನಿಗೆ ಯಾಕೋ ಕಸಿವಿಸಿ. ಹಳೆಯ ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ಅಜ್ಜನ ಸೊಸೆ ಎತ್ತಿಕೊಂಡಳು.

“ಮಾವ ಬಚ್ಚಲಲ್ಲಿ ಜಾರಿ ಬಿದ್ರು. ಬಲಗೈಗೆ ಪ್ಲಾಸ್ಟರ್. ಬರೆಯೋಕಾಗ್ದೆ ಎಲ್ರನ್ನೂ ಬೈತಾ ಕೂತಿದಾರೆ. ನಾನ್ ಬರೀತೀನಿ ಅಂದ್ರೆ ನನ್ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಂತೆ!”

(ಅಕ್ಕನನ್ನು ಆಫೀಸಿನಲ್ಲೇ ಕೂರಿಸಲು ನಾನು ಬಹಳ ಯತ್ನಿಸಿದೆ. ಕೆಲಸ ಹೋಗುತ್ತೆ ಕಣಮ್ಮ, ಎಂದೆ. “ನೀವು ಬರೀತಿರಿ, ನಾನು ಹೋಗ್ಬರ್ತೀನಿ” ಎಂದು ಬ್ಯಾಗು ಹೆಗಲಿಗೇರಿಸಿದಳು.)

೩

ಅಜ್ಜ ಕಿಟಕಿಯ ಪಕ್ಕ ಕೂತಿದ್ದರು, ತೊಡೆಯ ಮೇಲೆ ನಕ್ಷೆ ಹರಡಿಕೊಂಡು. ತಾನು ಯಾವ ಕಂಪನಿಯವಳೆಂದು ಅವಳು ಮುಚ್ಚಿಡದೆ ಹೇಳಿದಳು.

“ಓಹೋ, ಶತ್ರುಪಾಳಯದೋಳು! ಕೂತ್ಕೊ. ಇಲ್ನೋಡು, ಏಳನೇ ಗಾಳಿಯಂತ್ರದ ಕಂಬಕ್ಕೆ ಹೋಗೋ ರಸ್ತೆ. ಇದನ್ನ ಕಾಲುದಾರಿ ಅಂತ ತೋರ್ಸಿದಾರೆ. ಇದು ನೀರು ಹರಿಯೋ ಹಳ್ಳ ಕಣಮ್ಮ. ಮುಚ್ಚಿದ್ರೆ ಕೆಳಗಿನ ಮನೆಗಳ ಬಾವಿಯೆಲ್ಲ ಬತ್ತುತ್ತೆ. ಯಾವ ಪುಣ್ಯಾತ್ಮ ಪಾಸ್ ಮಾಡಿದ್ನೋ!”

“ಪುಣ್ಯಾತ್ಮ ಅಲ್ಲ ಅಜ್ಜ, ಪುಣ್ಯಾತ್ಗಿತ್ತಿ. ಅರ್ಜೀಲಿ ತೊಂದರೆ ಇಲ್ಲ ಅಂತ ಬರೆದಿದ್ದು ನಾನೇ.”

ಅಜ್ಜ ಎಡಗೈಯಿಂದ ಪೆನ್ನನ್ನು ಅವಳತ್ತ ಚಾಚಿದರು.

“ನಾನೂ ಒಂದ್ಸಲ ಕೆರೇನ ಮೈದಾನ ಅಂತ ಬರೆದಿದ್ದೆ. ಪೆನ್ನು ತಗೋ.”

ಅವರು ಹೇಳಿದರು, ಅವಳು ಬರೆದಳು. ಕೆಳಗೆ ಅಜ್ಜನ ಎಡಗೈ ಹೆಬ್ಬೆಟ್ಟು. ಬೇರೆಯವರ ಪರವಾಗಿ ಬರೆದವರು ತಮ್ಮ ಹೆಸರನ್ನೂ ಬರೆದು ಸಹಿ ಹಾಕಬೇಕು, ಅದು ನಿಯಮ. ಪೆನ್ನು ಅಲ್ಲಿ ನಿಂತಿತು.

೪

ಅವಳನ್ನು ಉಳಿಸಲು ನಾನು ಎರಡು ದಾರಿ ತೋರಿಸಿದೆ. ಒಂದು, ಸೊಸೆಯಿಂದ ಸಹಿ ಹಾಕಿಸುವುದು. “ಸುಳ್ಳಾಗುತ್ತೆ” ಎಂದಳು. ಇನ್ನೊಂದು, ಪತ್ರ ದಾರಿಯಲ್ಲಿ ಗಾಳಿಗೆ ಹಾರಿಹೋಗುವುದು. “ನಾಚಿಕೆ ಆಗಲ್ವಾ ನಿಮಗೆ?” ಎಂದಳು.

ಆಯಿತು, ಬಿಟ್ಟೆ. ತನ್ನ ಹೆಸರನ್ನೇ ಬರೆದಳು. ಐದಕ್ಕೆ ಹತ್ತು ನಿಮಿಷವಿರುವಾಗ ಸರ್ಕಾರಿ ಕಚೇರಿಯ ಕೌಂಟರಿನಲ್ಲಿ ಪತ್ರ ಕೊಟ್ಟು ಮೊಹರು ಹಾಕಿಸಿಕೊಂಡಳು.

ಮರುದಿನ ಬಾಸ್ ಕೇಳಿದ: “ನೀವು ಯಾರ ಕಡೆ ಅಕ್ಕ?”

“ತಪ್ಪು ನಂದು ಸಾರ್. ಹಳ್ಳ ಮುಚ್ಚಿದ್ಮೇಲೆ ಗೊತ್ತಾಗಿದ್ರೆ ಚೆನ್ನಾಗಿರ್ತಿತ್ತಾ?”

ಅವನು ಎರಡು ವಾರ ಮಾತು ಬಿಟ್ಟ. ಮೂರನೇ ವಾರ ರಸ್ತೆಯ ಮರುಅಳತೆಗೆ ಆದೇಶ ಬಂದಾಗ ಕಾಗದವನ್ನು ಅವಳ ಮೇಜಿನ ಮೇಲೆ ಇಟ್ಟ. “ನೀವೇ ಹೋಗಿ. ನಿಮ್ಮಜ್ಜ ತಾನೆ.”

೫

ಈಗ ಕಥೆ ಮುಗಿಸೋಣವೆಂದು ಕಾಯುತ್ತಿದ್ದೇನೆ. ಅನುಮತಿ ಸಿಕ್ಕಿತೇ, ಅವಳ ಕೆಲಸ ಉಳಿಯಿತೇ ಎಂದು ನೀವೂ ಕಾಯುತ್ತಿದ್ದೀರಿ. ಆದರೆ ಹಳ್ಳದ ಬಳಿ ಯಾರಿಗೂ ಪುರುಸೊತ್ತಿಲ್ಲ. ಕೈಯನ್ನು ಕೊರಳಿಗೆ ಕಟ್ಟಿಕೊಂಡೇ ಅಜ್ಜ ಸರ್ವೆಯವನ ಜೊತೆ ವಾದಕ್ಕೆ ನಿಂತಿದ್ದಾರೆ. ಟೇಪಿನ ತುದಿ ಅಕ್ಕನ ಕೈಯಲ್ಲಿದೆ.

“ಇನ್ನೂ ಎರಡ್ಹೆಜ್ಜೆ ಹಿಂದೆ ಹೋಗು ಪುಟ್ಟಿ.”

“ಅಜ್ಜ, ಇಲ್ಲಿ ನೀರಿದೆ!”

“ಅದಕ್ಕೇ ಹೋಗು ಅಂದಿದ್ದು.”

ಅವಳು ಚಪ್ಪಲಿ ಬಿಚ್ಚುತ್ತಿದ್ದಾಳೆ.