ರಸಾಯನಶಾಸ್ತ್ರ ಹೊತ್ತವರು

“ಲೇ ಹುಸೇನ್ಯಾ, ಮೆಲ್ಲಕ ಇಡಲೇ ಬೋಳಿಮಗನ! ಒಳಗ ಗಾಜದ. ಒಡದ್ರ ನಿನ್ನ ಬುರುಡಿ ಒಡೀತೀನಿ.”

ಸೂಪರಿಂಟೆಂಡೆಂಟ್ ಸಾಹೇಬರು ಬೇವಿನ ನೆರಳಲ್ಲಿ ಕುರ್ಚಿ ಬಿಟ್ಟು ಏಳದೆಯೇ ಒದರಿದರು. ಹುಸೇನಪ್ಪ ಹಲ್ಲು ಕಚ್ಚಿ ಪೆಟ್ಟಿಗೆಯನ್ನು ಲಾರಿಗೆ ಆನಿಸಿದ. ಹಳೇ ಸಾಮಾನು ಸಾಗಿಸುವುದಿದೆ ಎಂದು ಅವನ ಹಮಾಲರ ಗುಂಪನ್ನು ದೇವದುರ್ಗದಿಂದ ಕರೆಸಿದ್ದರು. ಯರಗೇರಾದ ಈ ಯುನಿವರ್ಸಿಟಿಯಲ್ಲೇ ಮಗಳು ಯಶೋಧಾ ರಸಾಯನಶಾಸ್ತ್ರದ ಎಂ.ಎಸ್ಸಿ ಓದುತ್ತಿದ್ದಳು. ಅವಳು ಓದುವ ಜಾಗ ನೋಡಿದಂತಾಗುತ್ತದೆಂದು ಅವನೂ ಖುಷಿಯಿಂದಲೇ ಬಂದಿದ್ದ.

ಅರ್ಧ ಲಾರಿ ತುಂಬಿದಾಗ ಯಶೋಧಾ ಓಡಿ ಬಂದಳು.

“ಯಪ್ಪಾ! ನಮ್ಮ ಲ್ಯಾಬ್ ನೀನ ಹೊರಾಕತ್ತೀಯೇನು?”

“ಹಳೇ ಸಾಮಾನಂತವ್ವಾ.”

“ಯಾರಂದ್ರು? ನಮ್ಮ ಯುನಿವರ್ಸಿಟೀನ ಇನ್ನೊಂದು ದೊಡ್ಡ ಯುನಿವರ್ಸಿಟ್ಯಾಗ ಕೂಡಸಾಕತ್ತಾರ. ಇನ್ನ ಕ್ಲಾಸು ಅದು ಇರೋ ದೂರದ ಊರಾಗ. ಹಾಸ್ಟೆಲ್ ಇಲ್ಲ, ಹೋಗಿ ಬರಾಕ ಬಸ್ಸಿಲ್ಲ. ನನ್ನ ಓದು ಮುಗೀತು ಬಿಡು.”

ಹುಸೇನಪ್ಪ ಸಾಹೇಬರ ಮುಂದೆ ಹೋಗಿ ನಿಂತ. “ಪರೀಕ್ಷಿ ಮುಗಿಯೋತನಾ ಇಲ್ಲೇ ಇರಲ್ರಿ ಸಾಹೇಬ್ರ. ನನ್ನ ಮಗಳು ಓದಾಕತ್ತಾಳ.”

“ಓದಿ ಏನು ಕಿಸೀತಾಳಲೇ? ಊರ ಹೊರಗಿನ ನಿಮ್ಮ ಕೇರ್‍ಯಾಗ ಲ್ಯಾಬ್ ತಗೀತಾಳೇನು? ಮೆಣಸಿನಕಾಯಿ ಹರಿಯಾಕ ಕಳಸು. ನಡಿ, ಹೊರು.”

ಹುಸೇನಪ್ಪ ಲಾರಿ ಹತ್ತಿ, ಏರಿಸಿದ ಪೆಟ್ಟಿಗೆಗಳನ್ನು ಒಂದೊಂದೇ ಇಳಿಸತೊಡಗಿದ. ಅವನ ಗುಂಪಿನವರೂ ಕೈ ಹಚ್ಚಿದರು. ಲಾರಿ ಡ್ರೈವರ್ ಪರ್ವೇಜ್ ಮುಖ ತಿರುಗಿಸಿಕೊಂಡು ಬೀಡಿ ಹಚ್ಚಿದ.

ಸಾಹೇಬರು ಬೈಯುತ್ತಲೇ ಫೋನು ಮಾಡಿ ಸಿರವಾರದ ಹಮಾಲರನ್ನು ಕರೆಸಿದರು. ಅವರು ಟಂಟಂ ಆಟೋದಿಂದ ಇಳಿಯುವುದನ್ನು ಕಂಡು ಹುಸೇನಪ್ಪ ತಲೆಯ ಮೇಲಿನ ಸಿಂಬಿ ತೆಗೆದು ಪೆಟ್ಟಿಗೆಗಳ ರಾಶಿಯ ಮೇಲಿಟ್ಟ. ಟವೆಲ್ ಸುತ್ತಿ ಮಾಡಿದ್ದು. ಒಬ್ಬನ ಸಿಂಬಿ ಕೂತ ಮಾಲನ್ನು ಇನ್ನೊಬ್ಬ ಹಮಾಲ ಮುಟ್ಟುವುದಿಲ್ಲ. ಮುಟ್ಟಿದವನಿಗೆ ಮುಂದೆ ಯಾವ ಸಂತೆಯಲ್ಲೂ ಜೊತೆ ಹೆಗಲು ಸಿಗದು.

ಸಿರವಾರದ ದುರುಗೇಶ ಹತ್ತಿರ ಬಂದವನು ಹಿಂದೆ ಸರಿದ. “ಸಿಂಬಿ ಅದರೀ ಸಾಹೇಬ್ರ.”

“ಹರಕ ಅರಿವಿ ಅದಲೇ ಅದು! ತಗದು ಒಗಿ!”

“ನಾ ತಗಿಯಂಗಿಲ್ರಿ. ಬೇಕಂದ್ರ ನೀವ ತಗೀರಿ.”

ಸಾಹೇಬರು ದುಡುದುಡು ಬಂದು ಕೈ ಚಾಚಿದರು. ಟವೆಲ್ ಹುಸೇನಪ್ಪನ ತಲೆಯ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿತ್ತು. ಕೈ ಗೇಣು ದೂರದಲ್ಲೇ ನಿಂತಿತು.

“ಕೋಲು… ಒಂದು ಕೋಲು ತರ್ರಲೇ ಯಾರಾರ!”

ಯಾರೂ ಕದಲಲಿಲ್ಲ. ಹುಸೇನಪ್ಪ ಬರಿದಲೆಯಲ್ಲಿ, ಬಿಸಿಲಿನಲ್ಲಿ ನಿಂತಿದ್ದ.

“ಮುಟ್ರಿ ಸಾಹೇಬ್ರ,” ಅಂದ.