ದಡ ಕಾಣುವ ಹಡಗು

ಪರದೆ ಗಿಡ್ಡವಾಯಿತು, ಎರಡು ಬೆರಳಾದರೂ ಗಿಡ್ಡ, ನೆಲಕ್ಕೆ ತಾಗದೆ ನೇತಾಡುತ್ತಿದೆ, ಇಷ್ಟು ದುಬಾರಿ ಹಡಗಿಗೆ ಪರದೆ ಹೊಲಿದವರಿಗೆ ಒಗೆದ ಮೇಲೆ ಬಟ್ಟೆ ಕುಗ್ಗುತ್ತದೆ ಅನ್ನುವಷ್ಟೂ ತಿಳಿಯಬಾರದೇ, ಪರದೆ ಹೊಲಿದೇ ಬದುಕಿದವಳು ನಾನು, ನಾನಾಗಿದ್ದರೆ ಅಂಚಿನಲ್ಲಿ ಧಾರಾಳವಾಗಿ ಮಡಿಸಿ ಬಿಟ್ಟಿರುತ್ತಿದ್ದೆ, ಮಡಿಕೆಯೊಳಗೆ ಸೀಸದ ಗುಂಡು ಇಟ್ಟು ಗಾಳಿಗೆ ಹಾರದ ಹಾಗೆ ಮಾಡುತ್ತಿದ್ದೆ — ಹಡಗಿನ ಕೋಣೆಯ ಚಿತ್ರದಲ್ಲಿ ಪರದೆಯ ಆಚೆ ನದಿ, ಈಚೆ ಎರಡು ಹಾಸಿಗೆ, ನಡುವೆ ಗೋಡೆಯ ಮೇಲೆ ಒಂದು ಪುಟ್ಟ ದೀಪ, ಹಾಡಹಗಲಲ್ಲೇ ಉರಿಯುತ್ತಿದೆ, ಯಾರು ಆರಿಸಬೇಕೋ ಅದನ್ನು — ಮೇಡಂ, ನಿಮ್ಮ ಟ್ರಾವೆಲ್ ಸ್ಟೈಲ್ ಹೇಗೆ, ಅದೊಂದು ಗೊತ್ತಾದ್ರೆ ಯಾವ ಹಡಗು ಕಂಪನಿ ಅಂತ ನಾನೇ ಹೇಳ್ತೀನಿ, ಅನ್ನುತ್ತಿದ್ದಾಳೆ ಮೇಜಿನ ಆಚೆಯ ಹುಡುಗಿ, ಕತ್ತಿಗೆ ಹಳದಿ ಸ್ಕಾರ್ಫು, ಹಲ್ಲೆಲ್ಲ ಬಿಳಿ, ಇಡೀ ದಿನ ಕೂತು ಬೇರೆಯವರನ್ನು ಊರೂರಿಗೆ ಕಳಿಸುವ ಕೆಲಸ ಅವಳದು. ಸ್ಟೈಲಂತೆ, ನಮ್ಮ ಸ್ಟೈಲ್ ಏನಮ್ಮಾ, ನಮ್ಮ ಯಜಮಾನರು ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು, ನಾನು ಬ್ಯಾಗು ತಬ್ಬಿಕೊಂಡು ಕೊನೆಯ ಸೀಟು, ಸ್ಟಾಪು ಬಂದಾಗ ಇವರು ಎದ್ದು ಒಮ್ಮೆ ತಿರುಗಿ ನೋಡುತ್ತಾರೆ, ನಾನೂ ಎದ್ದೆನೋ ಇಲ್ಲವೋ ಅಂತ, ಇಷ್ಟೇ ನಮ್ಮ ಸ್ಟೈಲು, ಇದನ್ನು ಯಾವ ಕಂಪನಿ ಮಾಡಿಕೊಡುತ್ತದೆ. ಹೇಳಲಿಲ್ಲ, ನಕ್ಕೆ, ಪಕ್ಕದ ಕುರ್ಚಿಯಲ್ಲಿ ಇವರೂ ನಕ್ಕರು, ಇಬ್ಬರೂ ಹುಡುಗಿಯ ಮುಖ ನೋಡಿಕೊಂಡೇ ನಕ್ಕೆವು.

ಟಪಾಲು ಇದ್ದಿದ್ದರೆ ಹೇಳುತ್ತಿದ್ದಳು. ಟಪಾಲು ಅಂದರೆ ನಮ್ಮ ಮಗಳು, ಆ ಹೆಸರಿಟ್ಟವಳು ನನ್ನ ನಾದಿನಿ, ಒಮ್ಮೆ ನಮ್ಮ ಮನೆಗೆ ಬಂದಿದ್ದವಳು ಊಟದ ಮೇಜಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು, ಇದೇನೇ ಇದು, ಗಂಡ ಹೆಂಡ್ತಿ ಎದುರುಬದುರು ಕೂತು ಮಗು ಕೈಲಿ ಕಾಗದ ಕಳಿಸ್ತೀರಲ್ಲ — ನಿಮ್ಮಪ್ಪಂಗೆ ಹೇಳು, ಟೀ ಆರ್ತಾ ಇದೆ, ನಿಮ್ಮಮ್ಮಂಗೆ ಹೇಳು, ನಾಳೆ ನಾನು ಬರೋದು ಲೇಟು, ಮಗಳು ಬಾಯಲ್ಲಿ ತುತ್ತು ಇಟ್ಟುಕೊಂಡೇ ಅಪ್ಪಾ ಟೀ, ಅಮ್ಮಾ ಲೇಟು, ಅಂತ ಕತ್ತು ಅತ್ತ ಇತ್ತ ಹೊರಳಿಸುತ್ತಾ ಬೆಳೆದಳು, ಬೆಳೆದು ಮದುವೆಯಾಗಿ ಹೋದಳು, ಈಗ ಗೋಡೆಗೆ ಹೇಳುತ್ತೇವೆ. ಟೀ ಆರ್ತಾ ಇದೆ ಅಂತ ನಾನು ಫ್ರಿಜ್ಜಿಗೆ ಹೇಳಿದರೆ ಇವರು ಬಂದು ಕುಡಿಯುತ್ತಾರೆ, ನಲ್ಲಿ ಸೋರ್ತಿದೆ ಅಂತ ಕಿಟಕಿಗೆ ಹೇಳಿದರೆ ಸಂಜೆಯೊಳಗೆ ಸೋರುವುದು ನಿಂತಿರುತ್ತದೆ, ಬೈಗುಳವಿಲ್ಲ, ಪಾತ್ರೆ ಎಸೆಯುವುದಿಲ್ಲ, ಪಕ್ಕದ ಮನೆಯಾಕೆ, ನಿಮ್ಮ ಮನೆ ಎಷ್ಟು ತಣ್ಣಗಿರುತ್ತೆ ಅಕ್ಕಾ, ಅನ್ನುತ್ತಾಳೆ, ಹೌದಮ್ಮ ತಣ್ಣಗೇನೋ ಇದೆ. ಆ ಟಪಾಲೇ ಈಗ ನಮ್ಮ ಮದುವೆಗೆ ಮೂವತ್ತು ವರ್ಷ ಆಯಿತು ಅಂತ ಈ ಹಡಗು ತಂದು ತಲೆಯ ಮೇಲಿಟ್ಟಿದ್ದಾಳೆ, ಸಮುದ್ರದ್ದಲ್ಲಮ್ಮ, ನದಿದು, ದಡ ಯಾವಾಗ್ಲೂ ಕಾಣ್ತಿರುತ್ತೆ, ಹೆದರ್ಬೇಡ, ಒಂದು ವಾರ ಇಬ್ರೇ ಹೋಗಿಬನ್ನಿ, ಯಾವ ಕಂಪನಿ ಅಂತ ಇಬ್ರೂ ಜೊತೇಲಿ ಕೂತು ಆರಿಸಿ. ನೀನೂ ಬಾರೇ ಅಂದೆ. ಇಲ್ಲಮ್ಮ, ನಾನು ಬಂದ್ರೆ ಮತ್ತದೇ ಕೆಲ್ಸ, ನಂಗೆ ಸಾಕಾಗಿದೆ, ಅಷ್ಟು ಚಿಕ್ಕೋಳಿಂದ — ಅಂದು ನಿಲ್ಲಿಸಿದಳು, ಮೂಗು ಒರೆಸಿಕೊಂಡದ್ದು ಫೋನಿನಲ್ಲಿ ಕೇಳಿಸಿತು, ನಾನು ಏನಾದರೂ ಹೇಳಬೇಕಿತ್ತು, ಹಾಲು ಉಕ್ಕುತ್ತಿದೆ ಅಂತ ಸುಳ್ಳು ಹೇಳಿ ಇಟ್ಟುಬಿಟ್ಟೆ.

ಮೂರು ಪುಸ್ತಕ, ಮೂರು ಕಂಪನಿ, ಹುಡುಗಿ ಇಸ್ಪೀಟು ಎಲೆ ಹರಡಿದ ಹಾಗೆ ಹರಡಿದ್ದಾಳೆ, ನೀಲಿಯದರಲ್ಲಿ ಎಲ್ಲವೂ ಸೇರಿದೆಯಂತೆ, ಕುಡಿಯುವುದು, ತಿನ್ನುವುದು, ಊರು ತೋರಿಸುವುದು, ಕೋಣೆಗೊಬ್ಬ ಸೇವಕ, ಅವನು ಬಟ್ಟೆ ಪೆಟ್ಟಿಗೆಯನ್ನೂ ಬಿಚ್ಚಿ ಜೋಡಿಸುತ್ತಾನಂತೆ, ಅಯ್ಯಯ್ಯೋ ಬೇಡ, ನನ್ನ ಹಳೆಯ ನೈಟಿಯನ್ನು ಅವನು ಕೈಯಲ್ಲಿ ಹಿಡಿಯುವುದೇ, ಹಸಿರಿನದು ಸೈಕಲ್ಲು, ಬೆಟ್ಟ, ಬೆಳಗಾಗೆದ್ದು ಡೆಕ್ಕಿನ ಮೇಲೆ ಕೈಕಾಲು ಆಡಿಸುವವರಿಗೆ, ಕೆನೆ ಬಣ್ಣದ್ದು ಚಿಕ್ಕ ಹಡಗು, ಜನ ಕಡಿಮೆ, ಮಕ್ಕಳನ್ನು ಸೇರಿಸುವುದಿಲ್ಲ, ಸಂಜೆ ಯಾರೋ ಪಿಯಾನೋ ನುಡಿಸುತ್ತಾರೆ, ಗದ್ದಲವಿಲ್ಲ, ನೆಮ್ಮದಿ ಬೇಕಾದೋರು ಇದನ್ನೇ ತಗೊಳ್ಳೋದು ಮೇಡಂ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಇಲ್ಲಿ ಎತ್ತನ್ನೂ ಕೋಣವನ್ನೂ ಕಟ್ಟಿ ಒಟ್ಟಿಗೇ ನೀರಿಗೆ ಬಿಡುತ್ತಿದ್ದಾರೆ. ಲಿಫ್ಟ್ ಇದೆಯಾ ಹಡಗಲ್ಲಿ, ಅಂತ ಇವರು ಕೇಳಿದರು, ಕೇಳದೆ ಇರುತ್ತಾರೆಯೇ, ಜೀವಮಾನವೆಲ್ಲ ಕಂಡವರ ಕಟ್ಟಡದಲ್ಲಿ ಲಿಫ್ಟಿನ ನೆತ್ತಿಯ ಮೇಲೆ ನಿಂತು ತಂತಿಗೆ ಗ್ರೀಸು ಬಳಿದವರು, ಮದುವೆ ಮನೆಗೆ ಹೋದರೂ ಮೊದಲು ಲಿಫ್ಟಿನ ಸದ್ದಿಗೆ ಕಿವಿ ಕೊಡುತ್ತಾರೆ, ನನಗೆ ನಗು ಬಂತು, ಆದರೆ ಇವರು ಮುಂದುವರಿಸಿದರು, ಇವಳಿಗೆ ಮಂಡಿ ನೋವು, ಹತ್ತೋವಾಗ ಏನಿಲ್ಲ, ಇಳಿಯೋವಾಗ. ಇಳಿಯುವಾಗ. ಅದನ್ನು ನಾನು ಯಾವ ಗೋಡೆಗೂ ಹೇಳಿರಲಿಲ್ಲ, ಫ್ರಿಜ್ಜಿಗೂ ಹೇಳಿರಲಿಲ್ಲ, ಮೆಟ್ಟಿಲಿನ ಕಂಬಿ ಹಿಡಿದು ಒಂದೊಂದೇ ಕಾಲಿಡುವಾಗ ಇವರು ಎಲ್ಲಿಂದ ನೋಡುತ್ತಿದ್ದರು — ನಾನೂ ಹುಡುಗಿಗೆ ಹೇಳಿದೆ, ಇಂಜಿನ್ ಪಕ್ಕದ ರೂಮು ಬೇಡಮ್ಮ, ಅವರು ದಿನವೆಲ್ಲ ಮೋಟಾರ್ ಸದ್ದಲ್ಲೇ ಇದ್ದೋರು, ನಿದ್ದೇಲೂ ಬೆಚ್ಚಿಬೀಳ್ತಾರೆ. ಇವರು ಕತ್ತೆತ್ತಿದರು. ಹುಡುಗಿ ಇವರನ್ನು ನೋಡಿದಳು, ನನ್ನನ್ನು ನೋಡಿದಳು, ಕತ್ತು ಅತ್ತ, ಕತ್ತು ಇತ್ತ, ಅಯ್ಯೋ ಪಾಪ, ಇನ್ನೊಂದು ಟಪಾಲು.

ನಾವು ಮಾತು ಬಿಟ್ಟದ್ದಾದರೂ ಎಂಥ ದೊಡ್ಡ ವಿಷಯಕ್ಕೆ, ಟಪಾಲು ಆಗಿನ್ನೂ ಚಿಕ್ಕವಳು, ನನ್ನ ಅಣ್ಣ ಅತ್ತಿಗೆ ಊಟಕ್ಕೆ ಬಂದಿದ್ದರು, ಯಾವುದೋ ಹೊಸ ಕಟ್ಟಡದ ಮಾತು, ನಾನು ಬಾಯಿ ಹಾಕಿದೆ, ಅಲ್ಲಿ ಲಿಫ್ಟಿನ ಬಾಗಿಲು ಬೇಗ ಮುಚ್ಚಿಕೊಳ್ಳುತ್ತದೆ, ಪರದೆಯ ಗಂಟು ಹೊತ್ತು ಹೋದಾಗ ಸಿಕ್ಕಿಹಾಕಿಕೊಂಡಿತ್ತು ಅಂತ, ನಿಂಗೇನೇ ಗೊತ್ತಾಗುತ್ತೆ, ಸುಮ್ನಿರು, ಅಂದರು ಇವರು, ಎಲ್ಲರೂ ನಕ್ಕರು, ಅತ್ತಿಗೆ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು, ಅದೇ ಚುಚ್ಚಿದ್ದು, ಸುಮ್ನಿರು ಅಂದ್ರಲ್ಲ, ಇರ್ತೀನಿ ಬಿಡಿ, ಅಂದುಕೊಂಡೆ. ಇವರೇ ಬಂದು ಮಾತಾಡಿಸಲಿ ಅಂತ ನಾನು, ಅವಳೇ ಬರಲಿ ಅಂತ ಇವರು, ಬಾಯಿಬಿಟ್ಟರೆ ಬಣ್ಣಗೇಡು ಅಂತ ಇಬ್ಬರೂ, ಆಮೇಲೆ ಇವರಿಗೆ ಬೆನ್ನು ನೋವು ಬಂತು, ಗಟ್ಟಿ ಮಂಚ ಬೇಕು ಅಂತ ಹಾಲ್‌ಗೆ ಹೋದರು, ಬೆನ್ನು ವಾಸಿಯಾಯಿತು, ಮಂಚ ಅಲ್ಲೇ ಉಳಿಯಿತು. ಸಿಟ್ಟು ಯಾವತ್ತೋ ಮುಗಿದಿದೆ, ದೇವರಾಣೆ, ಹುಡುಕಿದರೂ ಸಿಗುವುದಿಲ್ಲ, ಉಳಿದಿರುವುದು ಅಭ್ಯಾಸ, ಆಡಿದರೆ ಹೋಯಿತು ಮಾತು ಒಡೆದರೆ ಹೋಯಿತು ಮುತ್ತು ಅನ್ನುತ್ತಾರೆ, ಆಡದೆ ಇಟ್ಟುಕೊಂಡ ಮಾತು ಎಲ್ಲಿ ಹೋಗುತ್ತದೆ ಅಂತ ಯಾರೂ ಹೇಳುವುದಿಲ್ಲ. ಹಡಗಿನಲ್ಲಿ ಫ್ರಿಜ್ಜು ಇರುತ್ತದೋ ಇಲ್ಲವೋ, ಇದ್ದರೂ ಅದಕ್ಕೆ ನಮ್ಮ ಭಾಷೆ ಬರುವುದಿಲ್ಲ, ಒಂದು ಕೋಣೆ, ಒಂದು ಕಿಟಕಿ, ಸುತ್ತ ನೀರು, ಇವರೊಬ್ಬರು ನಾನೊಬ್ಬಳು, ಭಯವಾಗುತ್ತಿದೆ, ಆದರೆ ಬೇಡ ಅನ್ನಲು ಬಾಯಿ ಬರುತ್ತಿಲ್ಲ, ಯಾಕೆಂದರೆ ಬೇಕು, ನಾಚಿಕೆ ಬಿಟ್ಟು ಹೇಳುವುದಾದರೆ ನನಗೆ ಹೋಗಬೇಕು, ದಡ ಸರಿಯುವುದನ್ನು ನೋಡುತ್ತಾ ಇವರ ಪಕ್ಕದಲ್ಲಿ ಕೂರಬೇಕು, ಒಂದು ಸಲ, ಯಾರ ಕೈಯಲ್ಲೂ ಕಳಿಸದೆ, ನನ್ನ ಮುಖ ನೋಡಿ ಏನಾದರೂ ಕೇಳಲಿ, ಹಸಿವಾ ಅಂತಲಾದರೂ ಕೇಳಲಿ, ಉತ್ತರ ನನ್ನ ಹತ್ತಿರ ಇದೆ, ವರ್ಷಗಳಿಂದ ಇಸ್ತ್ರಿ ಹಾಕಿ ಮಡಿಸಿಟ್ಟಿದ್ದೇನೆ, ಇವರು ಕೇಳುವುದೊಂದೇ ಬಾಕಿ.

ಕೆನೆ ಬಣ್ಣದ್ದೇ ಆಗಲಿ ಅಂತ ಇವರು ಹುಡುಗಿಗೆ ಹೇಳಿದರು, ನಾನೂ ಹುಡುಗಿಗೆ ತಲೆಯಾಡಿಸಿದೆ, ಸದ್ದಿಲ್ಲದ ಹಡಗು, ನಮಗೆ ಹೇಳಿ ಮಾಡಿಸಿದ್ದು, ಅವಳು ಖುಷಿಯಾಗಿ ಏನೇನೋ ಒತ್ತಿದಳು, ಮಧ್ಯದ ಅಂತಸ್ತು, ಅಲ್ಲೀವರೆಗೂ ಲಿಫ್ಟ್ ಇದೆ ಸರ್, ಇಂಜಿನ್ನಿಂದ ದೂರ ಮೇಡಂ, ಇನ್ನೊಂದೇ ಪ್ರಶ್ನೆ, ಅಂತ ಅದೇ ಚಿತ್ರವನ್ನು ನಮ್ಮ ಕಡೆ ತಿರುಗಿಸಿದಳು, ಗಿಡ್ಡ ಪರದೆ, ಎರಡು ಹಾಸಿಗೆ, ನಡುವೆ ದೀಪ, ಹಾಸಿಗೆ ಜೋಡಿಸಿ ಇಡ್ಬೇಕಾ, ಬೇರೆ ಬೇರೆನಾ, ಮೊದ್ಲೇ ಹೇಳಿದ್ರೆ ಹಾಗೇ ರೆಡಿ ಮಾಡಿರ್ತಾರೆ. ಪೆನ್ನು ಎತ್ತಿಕೊಂಡು ಕಾಯುತ್ತಿದ್ದಾಳೆ, ಗೋಡೆಯ ಏಸಿ ಗೊರ್ರೆನ್ನುತ್ತಿದೆ, ಹೊರಗೆ ಯಾರೋ ಸ್ಕೂಟರ್ ಒದೆಯುತ್ತಿದ್ದಾರೆ, ಸ್ಟಾರ್ಟ್ ಆಗುತ್ತಿಲ್ಲ, ಇವರು ಹುಡುಗಿಗೆ ಏನೋ ಹೇಳುತ್ತಾರೆ ಅಂತ ನಾನು ಕಾಯುತ್ತಿದ್ದೇನೆ, ಇವರ ಕುರ್ಚಿ ಕಿರ್ ಅಂದಿತು, ಕುರ್ಚಿಯನ್ನೇ ತಿರುಗಿಸಿದರು, ಮಂಡಿ ನನ್ನ ಮಂಡಿಗೆ ತಾಗಿತು, ನನ್ನ ಮುಖವನ್ನೇ ನೋಡಿ ಕೇಳಿದರು, ನಿಂಗೆ ಹೇಗ್ ಬೇಕು. ನಿಂಗೆ ಅಂದರು. ಇವಳಿಗೆ ಅನ್ನಲಿಲ್ಲ, ನಿಮ್ಮಮ್ಮಂಗೆ ಅನ್ನಲಿಲ್ಲ, ಕಣ್ಣ ಸುತ್ತ ಇಷ್ಟು ಸುಕ್ಕು ಯಾವಾಗ ಬಂತು ಇವರಿಗೆ, ಹುಬ್ಬಿನಲ್ಲಿ ಬಿಳಿ ಕೂದಲು, ಉತ್ತರ ಇತ್ತು, ಗಂಟಲಿನವರೆಗೆ ಬಂದಿತ್ತು, ಆದರೆ ಈ ಹಾಳು ಕತ್ತು, ಈ ಕತ್ತು ತಾನೇ ತಾನಾಗಿ ಹುಡುಗಿಯ ಕಡೆ ಹೊರಳಿತು, ನಾಲಿಗೆ ತನ್ನ ಹಳೆಯ ದಾರಿ ಹಿಡಿಯಿತು, ಅವರನ್ನೇ ಕೇಳಮ್ಮ, ಅಂದೆ.

ಅಂದುಬಿಟ್ಟೆ. ನಾನೇ ಅಂದದ್ದಾ, ಹೌದು ನಾನೇ. ಇವರ ಮಂಡಿ ಇನ್ನೂ ಸ್ವಲ್ಪ ಹೊತ್ತು ಹಾಗೇ ತಾಗಿಕೊಂಡಿತ್ತು, ಆಮೇಲೆ ಇಲ್ಲ, ಕುರ್ಚಿ ಮತ್ತೆ ಕಿರ್ ಅಂದಿತು, ಮೇಜಿನ ಕಡೆ ತಿರುಗಿ ಹುಡುಗಿಗೆ ಹೇಳಿದರು, ಬೇರೆ ಬೇರೆನೇ ಇರ್ಲಿ ಬಿಡಮ್ಮ, ಇವಳಿಗೆ ನನ್ನ ಗೊರಕೆ ಆಗಲ್ಲ. ಯಾರು ಹೇಳಿದ್ದು ಆಗಲ್ಲ ಅಂತ, ಆ ಗೊರಕೆ ಹಾಲ್‌ನಿಂದ ಕೇಳುತ್ತಿದ್ದರೇ ನನಗೆ ನಿದ್ದೆ, ನಿಂತರೆ ಎದ್ದು ಹೋಗಿ ಬಾಗಿಲ ಹತ್ತಿರ ನಿಂತು ಉಸಿರಾಡುತ್ತಿದ್ದಾರಾ ಅಂತ ನೋಡಿ ಬರುತ್ತೇನೆ, ಹೇಳು, ಈಗಲಾದರೂ ಹೇಳೇ, ಅವಳು ಇನ್ನೂ ಬರೆದಿಲ್ಲ, ಇವರ ಕಿವಿ ಇಲ್ಲೇ ಇದೆ, ಒಂದು ಕೈಯಳತೆಯಲ್ಲಿದೆ, ಜೋಡಿಸಿ ಅನ್ನು, ಒಂದೇ ಮಾತು, ಜೋಡಿಸಿ — ತುಟಿ ಅಂಟಿಕೊಂಡಿದೆ, ಟಪಾಲೇ ಎಲ್ಲಿದ್ದೀಯೇ, ನಿಮ್ಮಪ್ಪಂಗೆ ಹೇಳೇ — ಹುಡುಗಿ ಸರಿ ಸರ್ ಅಂದಳು, ಚಿತ್ರದ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದಳು, ಮೇಲಿನಿಂದ ಕೆಳಗೆ, ಈ ಹಾಸಿಗೆಗೂ ಆ ಹಾಸಿಗೆಗೂ ನಡುವೆ, ದೀಪದ ಮೇಲೆ ಹಾಯ್ದು, ಎರಡು ಹಾಸಿಗೆ, ನಡುವೆ ದೀಪ, ಹಾಡಹಗಲಲ್ಲೇ ಉರಿಯುತ್ತಿರುವ ದೀಪ, ದೀಪ —