ಮೂರಡಿಗೊಂದು ಮೀಟರು

ಹಗ್ಗ ಉಳಿಯಿತು. ಈಜುಕೊಳದ ಈ ಗೋಡೆಯ ಕೊಂಡಿಯಿಂದ ಆ ಗೋಡೆಯ ಕೊಂಡಿಗೆ ಬಿಗಿದು ಕಟ್ಟಿದ ಮೇಲೂ, ಕೆಂಪು ಬಿಳಿ ಮಣಿಗಳ ಹೊಸ ಹಗ್ಗ ಒಂದಾಳುದ್ದಕ್ಕಿಂತ ಹೆಚ್ಚು ಮಿಕ್ಕಿ ಕೋಚ್‌ನ ಕಾಲ ಬಳಿ ಸುರುಳಿಯಾಗಿ ಬಿದ್ದಿತ್ತು. ಇಪ್ಪತ್ತೈದು ಮೀಟರ್ ಬೇಕೆಂದು ಹೇಳಿ ತಂದದ್ದು. ಅಂಗಡಿಯವನು ಕೈತಪ್ಪಿ ಹೆಚ್ಚು ಕೊಟ್ಟನೆಂದು ಮೊದಲು ಖುಷಿಯಾಯಿತು. ಆದರೆ ಆ ಅಂಗಡಿಯವನು ಹಗ್ಗದ ಎಳೆಯನ್ನೂ ಎಣಿಸಿ ಕೊಡುವ ಆಸಾಮಿ. ಖುಷಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಪಂಪ್ ಕೋಣೆಯಿಂದ ಟೇಪ್ ತಂದು, ಕೊಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಸರಿಯುತ್ತ ಅಳೆದ. ಇಪ್ಪತ್ತಮೂರು ಮೀಟರಿಗೂ ಚೂರು ಕಡಿಮೆ. ಟೇಪ್ ಎಲ್ಲೋ ಮಡಚಿರಬೇಕು ಎಂದುಕೊಂಡು ಆಚೆ ದಡದಲ್ಲಿ ಅಳೆದ. ಅಲ್ಲೂ ಅಷ್ಟೇ. ಟೇಪ್ ಮಗುಚಿ ಅಡಿಯ ಲೆಕ್ಕ ನೋಡಿದ. ಸರಿಯಾಗಿ ಎಪ್ಪತ್ತೈದು, ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಕಟ್ಟಿದವರು ಮೋಸ ಮಾಡಿರಲಿಲ್ಲ. ತಪ್ಪಿದ್ದದ್ದು ಎದುರಿನ ಗೋಡೆಯ ಮೇಲೆ, ಅವನೇ ದಪ್ಪ ನೀಲಿ ಅಕ್ಷರಗಳಲ್ಲಿ ಬರೆದಿದ್ದ ‘ಉದ್ದ ೨೫ ಮೀಟರ್’ ಎಂಬುದರಲ್ಲಿ.

ಕೆಲಸಕ್ಕೆ ಸೇರಿದ ಹೊಸತು. ಹಳೆಯ ಫಲಕದಲ್ಲಿ ಎಪ್ಪತ್ತೈದು ಅಡಿ ಎಂದಿತ್ತು. ಮೂರಡಿಗೊಂದು ಮೀಟರು ಅಂತ ಊರಿಗೆ ಊರೇ ಲೆಕ್ಕ ಹಾಕುತ್ತದೆ, ಪರದೆ ಬಟ್ಟೆಗೆ, ಬೇಲಿಗೆ, ನಲ್ಲಿಯ ಪೈಪಿಗೆ. ಅವನೂ ಮೂರರಿಂದ ಭಾಗಿಸಿ, ಶೇಷ ಉಳಿಯದ್ದು ಕಂಡು ಸಂತೋಷಪಟ್ಟು ಬ್ರಷ್ ಹಿಡಿದಿದ್ದ. ಮೀಟರಿಗೆ ಮೂರಡಿಯ ಮೇಲೆ ಮೂರಿಂಚಿಗೂ ಹೆಚ್ಚು ಇದೆಯೆಂಬುದು ಅವನಿಗೆ ಗೊತ್ತಿಲ್ಲದ್ದೇನೂ ಅಲ್ಲ. ಅಷ್ಟರಲ್ಲೇನು ಮಹಾ ಅಂದುಕೊಂಡಿದ್ದ.

ಆ ಅಷ್ಟರಲ್ಲೇ ಅಕ್ಕನ ಮಗಳ ಬದುಕು ಸಿಕ್ಕಿಕೊಂಡಿತ್ತು. ಹುಡುಗಿಯನ್ನು ಎಲ್ಲರೂ ಕರೆಯುವುದು ಕಪ್ಪೆ ಎಂದು. ನಾಲ್ಕು ಸಲ ಈ ಕೊಳ ದಾಟಿದರೆ ನೂರು ಮೀಟರ್ ಎಂದು ನಂಬಿ ಈಜಿ ಬೆಳೆದವಳು. ಮುಂದಿನ ತಿಂಗಳು ಕ್ರೀಡಾ ಹಾಸ್ಟೆಲ್ಲಿಗೆ ಆಯ್ಕೆ. ನೂರು ಮೀಟರನ್ನು ಒಂದು ನಿಮಿಷ ಎಂಟು ಸೆಕೆಂಡಿನೊಳಗೆ ಮುಗಿಸಬೇಕು. ಕಪ್ಪೆ ಅದಕ್ಕಿಂತ ನಾಲ್ಕು ಸೆಕೆಂಡು ಮೊದಲೇ ಗೋಡೆ ಮುಟ್ಟುತ್ತಿದ್ದಳು. ಈಗ ನೋಡಿದರೆ ನಾಲ್ಕು ದಾಟಿಗೆ ಸೇರಿ ಎಂಟೂವರೆ ಮೀಟರ್ ನೀರೇ ಲೆಕ್ಕದಿಂದ ಮಾಯವಾಗಿತ್ತು.

ಅಕ್ಕನಿಗೆ ಈಜಿನ ಹುಚ್ಚು ಹಿಡಿಸುತ್ತಿರಲಿಲ್ಲ. ಮಗಳಿಗೆ ನರ್ಸಿಂಗ್ ತರಬೇತಿಯ ಸೀಟು ಸಿಕ್ಕಿತ್ತು. ಸೇರುತ್ತಾಳೋ ಇಲ್ಲವೋ ಎಂದು ಈ ಸಂಜೆಯೊಳಗೆ ಹೇಳಬೇಕು. ಹೋದ ವಾರ ಅಕ್ಕ ತಮ್ಮನನ್ನು ನಿಲ್ಲಿಸಿಕೊಂಡು, ಆಯ್ಕೆಯಾಗುವುದು ಖಂಡಿತ ಎಂದು ನೀನು ಹೇಳಿದರೆ ಸೀಟು ಬಿಡುತ್ತೇನೆ, ಇಲ್ಲದಿದ್ದರೆ ಈಜು ಇಲ್ಲಿಗೆ ಸಾಕು ಎಂದಿದ್ದಳು. ಅವನು ಎದೆ ತಟ್ಟಿಕೊಂಡು ಹೇಳಿದ್ದ.

ಕೋಚ್ ಕೊಳಕ್ಕೆ ಸುತ್ತು ಹಾಕಿದ. ಕೂತ, ಎದ್ದ, ಮತ್ತೆ ಸುತ್ತು ಹಾಕಿದ. ಮಿಕ್ಕ ಹಗ್ಗ ಕತ್ತರಿಸಿ ಬಿಸಾಡಿದರೆ ಯಾರಿಗೆ ಗೊತ್ತಾಗುತ್ತದೆ? ಒಂದು ತಿಂಗಳಿದೆ, ಹುಡುಗಿ ಚುರುಕು, ಹೇಗೋ ಆದೀತು. ಆಗದಿದ್ದರೆ? ಅಲ್ಲಿ ಹಾಸ್ಟೆಲ್ಲೂ ಇಲ್ಲ, ಇಲ್ಲಿ ಸೀಟೂ ಇಲ್ಲ. ಹೇಳಿಬಿಟ್ಟರೆ ಈಜು ಇವತ್ತೇ ಮುಗಿಯಿತು. ಚಾಕು ತೆರೆದು ಹಗ್ಗದ ಮೇಲೆ ಇಟ್ಟೂ ಇಟ್ಟ. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಅಕ್ಕ, ಹಿಂದೆ ಕಪ್ಪೆ. ಸೀಟು ಬಿಡುವ ಮುಂಚೆ ಕೊನೆಯ ಸಲ ಕೇಳಿಹೋಗಲು ಬಂದಿದ್ದರು.

ಅಕ್ಕ ಬಾಯಿ ತೆರೆಯುವ ಮೊದಲೇ ಅವನು ಎಲ್ಲವನ್ನೂ ಒದರಿಬಿಟ್ಟ, ಹಗ್ಗ, ಅಡಿ, ಮೀಟರು, ಗೋಡೆಯ ಬರಹ. ಹೇಳುವಾಗ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಕ್ಕನ ಕಣ್ಣು ನೆಟ್ಟಿದ್ದು ತಮ್ಮನ ಮೇಲಲ್ಲ, ಮಗಳ ಮೇಲೆ.

ಕಪ್ಪೆ ಅಳಲಿಲ್ಲ.

"ಎಂಟೂವರೆ ಮೀಟರ್ ಅಂದ್ರೆ ಎಷ್ಟು ಸಲ ಕೈ ಬೀಸ್ಬೇಕು, ಮಾವ?"

"ಎಂಟು. ಒಂಬತ್ತು ಅಂತ ಇಟ್ಕೋ."

"ಅಲ್ಲಿ ಟವೆಲ್ ಹಾಕು. ಈಗ್ಲೇ ನೋಡೋಣ."

ಅವನು ಹೊರಡುವ ಗೋಡೆಯಿಂದ ಎಂಟೂವರೆ ಮೀಟರ್ ಅಳೆದು ಅಂಚಿನ ಮೇಲೆ ಟವೆಲ್ ಹಾಸಿದ. ಅವಳು ಬಟ್ಟೆ ಬದಲಿಸಿ ಬಂದು ಧುಮುಕಿದಳು. ಮೊದಲ ಎರಡು ದಾಟು ಎಂದಿನಂತೆಯೇ ಇದ್ದವು. ಮೂರನೆಯದರಲ್ಲಿ ಅಕ್ಕ, ಯಾವತ್ತೂ ಬೆಂಚು ಬಿಟ್ಟು ಏಳದವಳು, ದಡದುದ್ದಕ್ಕೂ ಮಗಳ ಜೊತೆಜೊತೆಗೇ ಬಿರಬಿರನೆ ನಡೆಯತೊಡಗಿದಳು. ನಾಲ್ಕನೆಯ ಗೋಡೆ ಮುಟ್ಟಿದಾಗ ಕೋಚ್‌ನ ಹೆಬ್ಬೆರಳು ಅಭ್ಯಾಸಬಲದಿಂದ ಸ್ಟಾಪ್‌ವಾಚ್ ಒತ್ತಲು ಹೋಗಿ ತಡೆದು ನಿಂತಿತು. ಕಪ್ಪೆ ಮತ್ತೆ ತಿರುಗಿದಳು. ಇಲ್ಲಿಯವರೆಗೆ ಎಂದೂ ಲೆಕ್ಕಕ್ಕೆ ಬಾರದಿದ್ದ ನೀರು ಅದು. ತೋಳು ಸೋತು ಭಾರವಾದದ್ದು ದಡಕ್ಕೇ ಕಾಣುತ್ತಿತ್ತು. ಕೈ ಟವೆಲಿನ ನೇರಕ್ಕೆ ಬಂದಾಗ ಅವನು ಒತ್ತಿದ.

ಒಂದು ನಿಮಿಷ ಒಂಬತ್ತು. ಒಂದೇ ಒಂದು ಸೆಕೆಂಡು ಹೆಚ್ಚು. ಸುಳ್ಳು ಹೇಳಲು ಇನ್ನೂ ಅವಕಾಶವಿತ್ತು, ಆದರೆ ಅಕ್ಕ ಕೈ ಚಾಚಿದ್ದಳು. ಗಡಿಯಾರ ಕೊಟ್ಟ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಮಬ್ಬಾಗಿದೆಯೇನೋ ಎಂಬಂತೆ ಒರೆಸಿ ಮತ್ತೆ ನೋಡಿದಳು.

"ಟವೆಲ್ ಸರಿಯಾದ ಜಾಗಕ್ಕೇ ಹಾಕಿದ್ಯಾ ನೀನು?"

"ಹಾಕಿದೀನಿ ಅಕ್ಕ."

"ನಿನ್ನ ಅಳತೆ ನಂಬೋದು ಹೇಗೆ? ತಾ ಇಲ್ಲಿ ಆ ಟೇಪು. ಈ ಕೊನೆ ನಾನು ಹಿಡೀತೀನಿ."

ಕೈಚೀಲವನ್ನು ಒದ್ದೆ ನೆಲದ ಮೇಲೇ ಇಟ್ಟು ಅವಳು ಮೊಣಕಾಲೂರಿದಳು. ಟವೆಲಿನ ಬಳಿ ಅಂಚು ಹಿಡಿದು ಏದುಸಿರು ಬಿಡುತ್ತಿದ್ದ ಕಪ್ಪೆ ಪಕ್ಕಕ್ಕೆ ಸರಿದು ಅಮ್ಮನ ಕೈಗೆ ಜಾಗ ಬಿಟ್ಟಳು.